ಮಗು ನಿನ್ನೆ ಏನನ್ನು ಉಂಡಿತು?

“ಮಗು ಚೆನ್ನಾಗಿ ಉಣ್ಣುತ್ತದೆಯೆ?” ಎಂದು ಕೇಳಿದರೆ, “ಹೊಟ್ಟೆ ತುಂಬ ಉಣ್ಣುತ್ತದೆ” ಎಂಬ ಉತ್ತರ ಬರುವುದು ಸಹಜ. ಅದರಲ್ಲಿ ಮಮತೆಯಿರುವಷ್ಟು ವಿವರವಿರುವುದಿಲ್ಲ. “ನಿನ್ನೆ ಹಗಲು, ರಾತ್ರಿ ಏನೇನು ಉಂಡಿತು?” ಎಂದು ಕೇಳಿದಾಗಲೇ ನಿಜಸ್ಥಿತಿ ಹೊರಬೀಳುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೂ ತಾಯಂದಿರನ್ನು ಕೇಳಿದ್ದು ಹೀಗೆಯೇ. 6ರಿಂದ 23 ತಿಂಗಳ ಮಕ್ಕಳಲ್ಲಿ ತಕ್ಕಷ್ಟು ಆಹಾರ ದೊರೆತದ್ದು ದೇಶದಲ್ಲಿ ನೂರಕ್ಕೆ ಸುಮಾರು 11 ಮಕ್ಕಳಿಗೆ ಮಾತ್ರ!

ಸಮೃದ್ಧವಾದ ಕೊಡಗಿನಲ್ಲಿ ಈ ಚಿಂತೆ ಏಕೆ ಎನ್ನಬಹುದು. ಗದ್ದೆಯಲ್ಲಿ ಭತ್ತ, ಹಿತ್ತಿಲಲ್ಲಿ ಕುಂಬಳ, ಬಾಳೆ, ಪಪ್ಪಾಯಿ, ಗೂಡಿನಲ್ಲಿ ಕೋಳಿ. ಆದರೆ ಹಿತ್ತಿಲಲ್ಲಿ ಇರುವುದೆಲ್ಲವೂ ಮಗುವಿನ ಬಟ್ಟಲಿಗೆ ಬರುವುದೆಂಬ ಭರವಸೆಯಿಲ್ಲ. ಹಿರಿಯರು ಕಡಂಬುಟ್ಟಿನೊಡನೆ ಬಗೆಬಗೆಯ ಕರಿಗಳನ್ನು ಸವಿಯುವಾಗ, ಖಾರವಾದೀತೆಂದು ಮಗುವಿಗೆ ಬರಿಯ ಗಂಜಿ! ತಾಯಿ ಕಾಫಿ ಕೊಯ್ಲಿಗೆ ಹೋಗುವ ಲೈನ್‌ಮನೆಗಳಲ್ಲಂತೂ ಮಗು ಏನುಂಡಿತೆಂಬುದನ್ನು ಅದನ್ನು ನೋಡಿಕೊಂಡವರನ್ನೇ ಕೇಳಬೇಕು.

ಮೊದಲ 6 ತಿಂಗಳು ತಾಯಿಯ ಹಾಲೊಂದೇ ಸಾಕು. ಅನಂತರ ಶಿಶು ಹುಟ್ಟುವಾಗ ತಂದ ಕಬ್ಬಿಣದ ಅಂಶ ಕಡಮೆಯಾಗತೊಡಗುತ್ತದೆ. ಗಂಜಿಯೊಂದೇ ಅದನ್ನು ತುಂಬಿಕೊಡಲಾರದು. ಆದುದರಿಂದ ವಿಶ್ವ ಆರೋಗ್ಯ ಸಂಸ್ಥೆ ಆಹಾರವನ್ನು 8 ಗುಂಪುಗಳಾಗಿ ವಿಂಗಡಿಸಿದೆ: ತಾಯಿಯ ಹಾಲು, ಧಾನ್ಯ ಮತ್ತು ಗೆಡ್ಡೆ, ಬೇಳೆಕಾಳು ಮತ್ತು ಬೀಜಗಳು, ಹಾಲು-ಮೊಸರು, ಮಾಂಸ-ಮೀನು, ಮೊಟ್ಟೆ, ‘ಎ’ ಜೀವಸತ್ವವುಳ್ಳ ಹಣ್ಣು-ತರಕಾರಿ, ಇತರ ಹಣ್ಣು-ತರಕಾರಿ. 6ರಿಂದ 23 ತಿಂಗಳ ಮಗುವಿಗೆ ದಿನಕ್ಕೆ ಇವುಗಳಲ್ಲಿ 5 ಗುಂಪುಗಳಾದರೂ ದೊರೆಯಬೇಕು.

ಒಂದು ಉದಾಹರಣೆ ನೋಡೋಣ. ಹತ್ತು ತಿಂಗಳ ಮಗು ನಿನ್ನೆ ತಾಯಿಯ ಹಾಲು, ಮೂರು ಬಾರಿ ಗಂಜಿ, ಒಂದು ಬಾಳೆಹಣ್ಣು, ಸಿಹಿ ಬಿಸ್ಕತ್ತು ತಿಂದಿದೆ. ಹೊಟ್ಟೆಯೇನೋ ತುಂಬಿತು. ಗುಂಪುಗಳು ಮಾತ್ರ ಮೂರೇ. ಸಿಹಿ ಬಿಸ್ಕತ್ತು ಲೆಕ್ಕಕ್ಕೆ ಬಾರದು. ಚೆನ್ನಾಗಿ ಬೇಯಿಸಿದ ಒಂದು ಮೊಟ್ಟೆ, ಒಗ್ಗರಣೆಗೆ ಮುನ್ನ ತೆಗೆದಿಟ್ಟು ಹಿಸುಕಿದ ಒಂದಿಷ್ಟು ಸಿಹಿಕುಂಬಳ ಸೇರಿದರೆ ಐದಾಯಿತು. ಬೆಲೆಯುಳ್ಳ ಡಬ್ಬಿ ಬೇಕಾಗಲಿಲ್ಲ.

ಎರಡು ಎಚ್ಚರಿಕೆಗಳುಂಟು. ಕಾಫಿಯ ನಾಡೆಂದು ಮಗುವಿಗೆ ಕಾಫಿ, ಚಹಾ ಕುಡಿಸಬಾರದು. ಅವು ಊಟದಲ್ಲಿಯ ಕಬ್ಬಿಣದ ಅಂಶ ಮೈಗೆ ಹತ್ತದಂತೆ ತಡೆಯುತ್ತವೆ. ಕೊಡಗಿನ ಜೇನು ಎಷ್ಟೇ ಹೆಸರಾಂತದ್ದಾದರೂ, ವರ್ಷ ತುಂಬದ ಶಿಶುವಿನ ನಾಲಗೆಗೆ ಅದನ್ನು ಸೋಕಿಸಬಾರದು. ಅದರಲ್ಲಿರಬಹುದಾದ ಸೂಕ್ಷ್ಮ ಜೀವಾಣುಗಳು ಶಿಶುವಿನ ಜೀವಕ್ಕೇ ಅಪಾಯ ತರಬಲ್ಲವು.

ರಾತ್ರಿ ಮಗು ಮಲಗಿದ ಮೇಲೆ ಆ ದಿನದ ಗುಂಪುಗಳನ್ನು ಬೆರಳೆಣಿಸಿ ನೋಡಿರಿ. ಯಾವ ಬೆರಳು ಮಡಿಸದೆ ಉಳಿಯಿತೋ, ನಾಳೆಯ ಅಡುಗೆ ಅಲ್ಲಿಂದ ತೊಡಗಲಿ.