ಬೆಳಕಿಗೊಂದು ಅಂಕೆ

ಚಾರ್ಮಾಡಿಯ ಕಡೆಯಿಂದ ಮೋಡ ಇಳಿಯಿತೆಂದರೆ ಉಜಿರೆಯಲ್ಲಿ ಕರೆಂಟು ಹೋಗುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಷ್ಟೇ ಪ್ರಶ್ನೆ. ಮಳೆಗಾಲದಲ್ಲಿ ಮರದ ಕೊಂಬೆ ಮುರಿದು ತಂತಿಯ ಮೇಲೆ ಬೀಳುವುದು ಇಲ್ಲಿ ಸುದ್ದಿಯೇ ಅಲ್ಲ. ಆದರೆ ಇದು ವಿದ್ಯಾರ್ಥಿಗಳ ಊರು. 1940ರಲ್ಲಿ ಸಿದ್ಧವನ ಗುರುಕುಲ, 1966ರಲ್ಲಿ ಎಸ್.ಡಿ.ಎಂ. ಕಾಲೇಜು, 2007ರಲ್ಲಿ ಇಂಜಿನಿಯರಿಂಗ್ ಕಾಲೇಜು ಹೀಗೆ ಒಂದರ ಹಿಂದೊಂದು ಬಂದು, ಧರ್ಮಸ್ಥಳಕ್ಕೆ ತಿರುಗುವ ಕವಲುದಾರಿಯ ಪೇಟೆಯನ್ನು ಹಾಸ್ಟೆಲುಗಳ ಪೇಟೆಯನ್ನಾಗಿ ಮಾಡಿವೆ. ಮಳೆ ಹೊಯ್ಯುವ ರಾತ್ರಿ ಮರುದಿನದ ಸೆಮಿನಾರು, ಪ್ರಾಜೆಕ್ಟು ಎಲ್ಲವೂ ಲ್ಯಾಪ್‌ಟಾಪಿನ ಬ್ಯಾಟರಿಯೊಂದನ್ನು ನಂಬಿಕೊಂಡಿರುತ್ತವೆ.

ಆ ಬ್ಯಾಟರಿಯನ್ನು ತಿನ್ನುವುದು ಯಾವುದು? ಬರೆಯುವುದು, ಓದುವುದು ಮುಂತಾದ ಹಗುರ ಕೆಲಸದಲ್ಲಿರುವ ಯಂತ್ರದಲ್ಲಿ ದೊಡ್ಡ ಪಾಲು ತೆರೆಯದು. ಸಾಮಾನ್ಯ ಲ್ಯಾಪ್‌ಟಾಪಿನ ತೆರೆ ತಾನಾಗಿ ಬೆಳಗುವುದಿಲ್ಲ. ದ್ರವಸ್ಫಟಿಕದ ಪದರದ ಹಿಂದೆ ಪುಟ್ಟ ಎಲ್‌ಇಡಿ ದೀಪಗಳ ಸಾಲಿದೆ, ಅದೇ ಬ್ಯಾಕ್‌ಲೈಟು. ತೆರೆಯ ಮೇಲೆ ಕಪ್ಪು ಚಿತ್ರವಿದ್ದರೂ ಹಿಂದಿನ ದೀಪ ಉರಿಯುತ್ತಲೇ ಇರುತ್ತದೆ. 40 ವಾಟ್-ಗಂಟೆಯ ಬ್ಯಾಟರಿಯಿದೆ, ಯಂತ್ರ 10 ವಾಟ್ ಎಳೆಯುತ್ತಿದೆ ಎಂದಿಟ್ಟುಕೊಂಡರೆ ನಾಲ್ಕು ಗಂಟೆಗೆ ಮುಗಿಯಿತು. ದೀಪ ತಗ್ಗಿಸಿ 2 ವಾಟ್ ಉಳಿಸಿದರೆ ಐದು ಗಂಟೆ. ಪರೀಕ್ಷೆಯ ಹಿಂದಿನ ರಾತ್ರಿ ಆ ಒಂದು ಗಂಟೆಯ ಬೆಲೆ ವಿದ್ಯಾರ್ಥಿಗಳಿಗೇ ಗೊತ್ತು.

ಇದಕ್ಕಾಗಿಯೇ ಕೀಲಿಮಣೆಯ ಮೇಲ್ಸಾಲಿನಲ್ಲಿ ಸೂರ್ಯನ ಚಿತ್ರದ ಎರಡು ಗುಂಡಿಗಳಿವೆಯಲ್ಲ ಎನ್ನಬಹುದು. ಇವೆ. ತೊಡಕು ಆರಂಭವಾಗುವುದೂ ಅಲ್ಲಿಯೇ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ ಮುಗಿಯಿತು. ಅಣ್ಣ ಬಳಸಿ ಬಿಟ್ಟ, ಸೆಕೆಂಡ್ ಹ್ಯಾಂಡ್ ಆಗಿ ಕೊಂಡ ಅನೇಕ ಯಂತ್ರಗಳನ್ನು ವಿಂಡೋಸ್ 11 ಒಳಗೆ ಬಿಟ್ಟುಕೊಳ್ಳುವುದಿಲ್ಲ. ಹೊಸದು ಕೊಳ್ಳಲು ಹಣ ಬೇಕು. ಹೀಗಾಗಿ ಹಣ ಕೊಡದೆ ಸಿಗುವ ಲಿನಕ್ಸ್ ಹಾಕಿಕೊಳ್ಳುವವರಿದ್ದಾರೆ. ವೈಫೈ ಬರುತ್ತದೆ, ಕನ್ನಡ ಅಕ್ಷರ ಮೂಡುತ್ತದೆ, ಎಲ್ಲವೂ ಸರಿ. ಆದರೆ ಕೆಲವು ಯಂತ್ರಗಳಲ್ಲಿ ಆ ಸೂರ್ಯನ ಗುಂಡಿ ಒತ್ತಿದರೆ ಏನೂ ಆಗುವುದಿಲ್ಲ. ತೆರೆ ಪೂರ್ತಿ ಪ್ರಕಾಶದಲ್ಲೇ ಉರಿಯುತ್ತಿರುತ್ತದೆ. "ಹಾಳಾಯ್ತಾ ಮಗಾ?" ಎಂದು ಅಮ್ಮ ಕೇಳಿದರೆ, "ಇಲ್ಲಮ್ಮ, ಆ ಕೀ ಮಾತ್ರ ಕೆಲ್ಸ ಮಾಡುದಿಲ್ಲ" ಎಂಬ ಉತ್ತರ ಅಮ್ಮನಿಗೆ ಅಷ್ಟಾಗಿ ಸಮಾಧಾನ ಕೊಡುವುದಿಲ್ಲ. ಆದರೆ ಉತ್ತರ ಸರಿಯಾದದ್ದೇ. ದೀಪವೂ ಕೆಟ್ಟಿಲ್ಲ, ಕೀಲಿಮಣೆಯೂ ಕೆಟ್ಟಿಲ್ಲ. ಗುಂಡಿಯ ಮಾತು ದೀಪಕ್ಕೆ ತಲಪುತ್ತಿಲ್ಲ ಅಷ್ಟೆ. ಹೊಸ ಕೀಲಿಮಣೆಗೆ ದುಡ್ಡು ಸುರಿಯುವ ಮೊದಲು ಇಷ್ಟನ್ನು ತಿಳಿಯುವುದು ಒಳ್ಳೆಯದು.

ಈ ವಿಷಯದಲ್ಲಿ ಗಡಿಯಾಚೆಯ ಕಾಸರಗೋಡಿನ ಮಕ್ಕಳು ಒಂದು ಹೆಜ್ಜೆ ಮುಂದಿದ್ದಾರೆ. ಕೇರಳದ ಸರಕಾರಿ ಮತ್ತು ಅನುದಾನಿತ ಶಾಲೆಗಳ ಗಣಕ ಶಿಕ್ಷಣ ವರ್ಷಗಳಿಂದ ಲಿನಕ್ಸ್ ಮೇಲೆಯೇ ನಡೆಯುತ್ತಿದೆ. 2017ರಲ್ಲಿ ರೂಪುಗೊಂಡ ಅಲ್ಲಿನ 'ಕೈಟ್' ಸಂಸ್ಥೆ ಶಾಲೆಗಳಿಗೆಂದೇ ಒಂದು ಲಿನಕ್ಸ್ ಆವೃತ್ತಿಯನ್ನು ಸಿದ್ಧಪಡಿಸಿ ಹಂಚುತ್ತದೆ. ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಇದೆ. ಅಲ್ಲಿಂದ ದಕ್ಷಿಣ ಕನ್ನಡದ ಕಾಲೇಜುಗಳಿಗೆ ಬರುವವರಿಗೆ ಲಿನಕ್ಸ್ ಅಪರಿಚಿತವಲ್ಲ. ಕಪ್ಪು ಕಿಟಕಿಯಲ್ಲಿ ಬಿಳಿ ಅಕ್ಷರ ಮೂಡುವ 'ಟರ್ಮಿನಲ್' ಕಂಡು ಮಗ ಏನೋ ಹ್ಯಾಕಿಂಗ್ ಮಾಡುತ್ತಿದ್ದಾನೆಂದು ಹೆದರುವ ತಂದೆತಾಯಿಗಳು ಮಾತ್ರ ಗಡಿಯ ಎರಡೂ ಬದಿ ಇರಬಹುದು. ಹೆದರಬೇಕಾದ್ದಿಲ್ಲ. ಅಲ್ಲಿ ನಡೆಯುವುದು ಗಣಕಕ್ಕೆ ಅಕ್ಷರದಲ್ಲಿ ಅಪ್ಪಣೆ ಕೊಡುವ ಕೆಲಸ.

ಫೈಲಿನೊಳಗೆ ದೀಪ

ಲಿನಕ್ಸ್‌ನ ಒಂದು ಸೊಗಸೆಂದರೆ ಯಂತ್ರದ ಬಿಡಿಭಾಗಗಳನ್ನೂ ಅದು ಫೈಲುಗಳಂತೆ ತೋರಿಸುತ್ತದೆ. 2003ರ ಕೊನೆಯಲ್ಲಿ ಬಂದ 2.6 ಆವೃತ್ತಿಯಿಂದ 'ಸಿಸ್' (ಎಸ್, ವೈ, ಎಸ್) ಎಂಬ ಫೋಲ್ಡರು ಇದೆ. ಅದರೊಳಗೆ 'ಕ್ಲಾಸ್', ಅದರೊಳಗೆ 'ಬ್ಯಾಕ್‌ಲೈಟ್'. ಇಲ್ಲಿ ಹೆಸರುಗಳನ್ನು ಕನ್ನಡದಲ್ಲಿ ಕೊಟ್ಟಿದ್ದರೂ ಟೈಪ್ ಮಾಡಬೇಕಾದದ್ದು ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ. ಫೋಲ್ಡರಿನಲ್ಲಿ ಏನಿದೆಯೆಂದು ನೋಡಲು 'ಎಲ್‌ಎಸ್' ಆಜ್ಞೆ. ಇಂಟೆಲ್ ಚಿಪ್ಪಿನ ಯಂತ್ರವಾದರೆ ಹೆಚ್ಚಾಗಿ 'ಇಂಟೆಲ್ ಬ್ಯಾಕ್‌ಲೈಟ್' ಎಂಬ ಹೆಸರು, ಎಎಮ್‌ಡಿಯದಾದರೆ 'ಎಎಮ್‌ಡಿ ಜಿಪಿಯು' ಎಂದು ಆರಂಭವಾಗುವ ಹೆಸರು ಕಾಣುತ್ತದೆ. ಅದರೊಳಗೆ ಹೊಕ್ಕರೆ 'ಬ್ರೈಟ್‌ನೆಸ್', 'ಮ್ಯಾಕ್ಸ್ ಬ್ರೈಟ್‌ನೆಸ್' ಎಂಬ ಎರಡು ಫೈಲು; ಎರಡು ಪದಗಳ ನಡುವೆ ಕೆಳಗೆರೆ ಮರೆಯಬಾರದು. 'ಕ್ಯಾಟ್' ಆಜ್ಞೆಯಿಂದ ಅವನ್ನು ಓದಿದರೆ ಸಿಗುವುದು ಬರೇ ಒಂದೊಂದು ಅಂಕಿ. ಗರಿಷ್ಠ ಅಂಕಿ ಒಂದೊಂದು ಯಂತ್ರಕ್ಕೆ ಒಂದೊಂದು. ಕೆಲವದರಲ್ಲಿ 15, ಕೆಲವದರಲ್ಲಿ 255, ಇನ್ನು ಕೆಲವದರಲ್ಲಿ ಹತ್ತಾರು ಸಾವಿರ. ಆದ್ದರಿಂದ ಗೆಳೆಯನ ಯಂತ್ರದ ಅಂಕಿಯನ್ನು ನಕಲು ಹೊಡೆದು ಪ್ರಯೋಜನವಿಲ್ಲ.

ಗಮನಿಸಬೇಕಾದ್ದೇನೆಂದರೆ ಈ ಫೈಲು ಡಿಸ್ಕಿನಲ್ಲಿ ಇಲ್ಲವೇ ಇಲ್ಲ. ಅದು ದೀಪದ ಡ್ರೈವರಿಗೆ ತೆರೆದ ಒಂದು ಗಿಂಡಿಬಾಗಿಲು. ಅದರಲ್ಲಿ ಅಂಕಿ ಬರೆದರೆ ಆ ಕ್ಷಣ ದೀಪ ಏರುತ್ತದೆ ಅಥವಾ ಇಳಿಯುತ್ತದೆ.

ಬರೆಯಲು ಮಾತ್ರ ಎಲ್ಲರಿಗೂ ಅಧಿಕಾರವಿಲ್ಲ. ಯಂತ್ರದ ಯಜಮಾನನಾಗಿ ಆಜ್ಞೆ ಕೊಡಲು 'ಸುಡೊ' ಎಂಬ ಪದವನ್ನು ಮುಂದೆ ಹಚ್ಚಬೇಕು, ಪಾಸ್‌ವರ್ಡ್ ಕೊಡಬೇಕು. ಇಲ್ಲಿ ಹೊಸಬರೆಲ್ಲ ಮುಗ್ಗರಿಸುವ ಜಾಗವೊಂದಿದೆ. 'ಸುಡೊ ಎಕೋ 300' ಎಂದು ಬರೆದು, ಬಾಣದ ಗುರುತು ಹಾಕಿ, ಬ್ರೈಟ್‌ನೆಸ್ ಫೈಲಿನ ಹೆಸರು ಕೊಡುತ್ತಾರೆ. 'ಅನುಮತಿಯಿಲ್ಲ' ಎಂಬ ಉತ್ತರ ಬರುತ್ತದೆ. ಸುಡೊ ಹಾಕಿದ ಮೇಲೂ ಏಕೆ? ಏಕೆಂದರೆ ಯಜಮಾನಿಕೆ ಸಿಕ್ಕಿದ್ದು 'ಎಕೋ' ಆಜ್ಞೆಗೆ ಮಾತ್ರ. ಬಾಣದ ಗುರುತನ್ನು ಕಂಡು ಫೈಲು ತೆರೆಯಲು ಹೋಗುವುದು ಟರ್ಮಿನಲಿನಲ್ಲಿ ಕುಳಿತ 'ಶೆಲ್'. ಅದು ಇನ್ನೂ ಸಾಮಾನ್ಯ ಪ್ರಜೆಯೇ. ಪರಿಹಾರ ಹೀಗೆ:

ಎಕೋ 300 | ಸುಡೊ ಟೀ ಬ್ರೈಟ್‌ನೆಸ್

ನಡುವಿನ ನೆಟ್ಟಗೆರೆಯ ಹೆಸರು 'ಪೈಪ್'. 'ಟೀ' ಎಂದರೆ ಹೋಟೆಲಿನ ಟೀ ಅಲ್ಲ, ಅಡಿಕೆ ತೋಟದ ನೀರಿನ ಪೈಪಿಗೆ ಹಾಕುವ ಟೀ. ಒಂದು ಕಡೆಯಿಂದ ಬಂದ ನೀರನ್ನು ಅದು ಎರಡು ಕಡೆಗೆ ಹರಿಸುತ್ತದಲ್ಲವೇ, ಹಾಗೆಯೇ ಈ ಆಜ್ಞೆ 300 ಎಂಬ ಅಂಕಿಯನ್ನು ಫೈಲಿಗೂ ತೆರೆಗೂ ಕಳುಹಿಸುತ್ತದೆ. ಫೈಲು ತೆರೆಯುವುದು ಈಗ 'ಟೀ', ಅದರ ಕೈಯಲ್ಲಿ ಯಜಮಾನಿಕೆ ಇದೆ. ಹೆಸರಿಟ್ಟವರ ಮನಸ್ಸಿನಲ್ಲಿಯೂ ಇದ್ದದ್ದು ಪ್ಲಂಬರನ ಟೀಯೇ. ತೋಟದ ಮನೆಯ ಮಕ್ಕಳಿಗೆ ಯುನಿಕ್ಸ್ ಪಾಠ ಹೇಳುವವರು ಇದನ್ನು ಬಳಸಿಕೊಳ್ಳಬಹುದು.

ಸೊನ್ನೆ ಬರೆದರೆ? ಕೆಲವು ಯಂತ್ರಗಳಲ್ಲಿ ದೀಪ ಮಂದವಾಗಿ ಉಳಿಯುತ್ತದೆ, ಇನ್ನು ಕೆಲವದರಲ್ಲಿ ಪೂರ್ತಿ ಆರಿ ತೆರೆ ಕಪ್ಪಾಗುತ್ತದೆ. ಗಾಬರಿ ಬೇಡ, ಗಣಕ ಎಚ್ಚರವಾಗಿಯೇ ಇದೆ. ಮೇಲಿನ ಬಾಣದ ಗುಂಡಿ ಒತ್ತಿ ಹಿಂದಿನ ಆಜ್ಞೆಗೆ ಹೋಗಿ, ಸರಿಯಾದ ಅಂಕಿ ಕೊಟ್ಟು ಕುರುಡಾಗಿ ಎಂಟರ್ ಒತ್ತಿದರೂ ಸಾಕು. ಅದೂ ಆಗದಿದ್ದರೆ ಯಂತ್ರ ಆರಿಸಿ ಹಚ್ಚುವುದು. ಇಂದಿನ ಬಹುಪಾಲು ಲಿನಕ್ಸ್‌ಗಳಲ್ಲಿ ಯಂತ್ರ ಆರುವಾಗಿನ ಅಂಕಿಯನ್ನು ನೆನಪಿಟ್ಟು ಮರಳಿ ಹಾಕುವ ವ್ಯವಸ್ಥೆ ಇದೆ. ಅಂಕಿ ತೀರಾ ಕಡಿಮೆಯಿದ್ದರೆ ಅದು ತುಸು ಮೇಲಕ್ಕೆತ್ತಿಯೇ ಹಾಕುತ್ತದೆ.

ಸುಲಭದ ದಾರಿ

ಪ್ರತಿಸಲ ಇಷ್ಟು ಬರೆಯಲು ಯಾರಿಗೆ ತಾಳ್ಮೆ? ಅದಕ್ಕಾಗಿ 'ಬ್ರೈಟ್‌ನೆಸ್‌ಸಿಟಿಎಲ್' ಎಂಬ ಪುಟ್ಟ ತಂತ್ರಾಂಶವಿದೆ. ಉಬುಂಟು, ಡೆಬಿಯನ್‌ಗಳಲ್ಲಿ 'ಸುಡೊ ಆಪ್ಟ್ ಇನ್‌ಸ್ಟಾಲ್' ಎಂದು ಬರೆದು ಇದರ ಹೆಸರು ಕೊಟ್ಟರೆ ಬಂದು ಕೂರುತ್ತದೆ. ಅನಂತರ 'ಬ್ರೈಟ್‌ನೆಸ್‌ಸಿಟಿಎಲ್ ಸೆಟ್ 30%' ಎಂದರೆ ಮುಗಿಯಿತು. ಸಾಮಾನ್ಯವಾಗಿ ಸುಡೊ ಕೂಡ ಬೇಡ. '5%-' ಎಂದರೆ ಇದ್ದಲ್ಲಿಂದ ಐದು ಕಡಿಮೆ, '+5%' ಎಂದರೆ ಐದು ಹೆಚ್ಚು.

ಬಳಸುವಾಗ ಒಂದು ವಿಚಿತ್ರ ಕಾಣುತ್ತದೆ. ನೂರರಿಂದ ತೊಂಬತ್ತಕ್ಕೆ ಇಳಿಸಿದರೆ ವ್ಯತ್ಯಾಸವೇ ತಿಳಿಯದು, ಇಪ್ಪತ್ತರಿಂದ ಹತ್ತಕ್ಕೆ ಇಳಿಸಿದರೆ ಕತ್ತಲಾದಂತೆನಿಸುತ್ತದೆ. ತಪ್ಪು ತಂತ್ರಾಂಶದ್ದಲ್ಲ, ಕಣ್ಣಿನ ಸ್ವಭಾವ ಅದು. ಕಣ್ಣು ಅಳೆಯುವುದು ಕೂಡಿಸಿ ಕಳೆದು ಅಲ್ಲ, ಪಾಲು ಹಿಡಿದು. ಧರ್ಮಸ್ಥಳದ ಲಕ್ಷದೀಪೋತ್ಸವದಲ್ಲಿ ಒಂದು ಹಣತೆ ಹೆಚ್ಚಾದರೆ ಯಾರಿಗೂ ಗೊತ್ತಾಗದು. ಕತ್ತಲ ಕೋಣೆಯಲ್ಲಿ ಅದೇ ಹಣತೆ ದೊಡ್ಡ ಬೆಳಕು. ಹೀಗಾಗಿ ಮೇಲಿನ ಅಂಕಿಗಳಲ್ಲಿ ಧಾರಾಳವಾಗಿ ಇಳಿಸಬಹುದು, ಕಣ್ಣಿಗೆ ನಷ್ಟ ಕಡಿಮೆ, ಬ್ಯಾಟರಿಗೆ ಲಾಭ ಹೆಚ್ಚು.

ಎಷ್ಟಿರಬೇಕು? ತೆರೆಯಲ್ಲಿ ಬಿಳಿಯ ಪುಟವೊಂದನ್ನು ತೆರೆದು ಪಕ್ಕದಲ್ಲಿ ಬಿಳಿ ಕಾಗದ ಹಿಡಿಯಿರಿ. ತೆರೆ ದೀಪದಂತೆ ಕೋರೈಸಿದರೆ ಹೆಚ್ಚಾಯಿತು, ಬೂದಿಬಣ್ಣಕ್ಕೆ ತಿರುಗಿದರೆ ಕಡಿಮೆಯಾಯಿತು. ಮಬ್ಬು ತೆರೆ ನೋಡಿದರೆ ದೃಷ್ಟಿಯೇ ಹೋಗುತ್ತದೆ ಎಂಬ ಭಯ ಬೇಡ. ದಣಿವು ಆಗುತ್ತದೆ, ಅದು ವಿಶ್ರಾಂತಿಯಿಂದ ಹೋಗುತ್ತದೆ. ಮೂವರು ಮಲಗುವ ಕೋಣೆಯಲ್ಲಿ ಒಬ್ಬ ಓದುವಾಗ ಇದು ಕಣ್ಣಿನ ಮಾತಷ್ಟೇ ಅಲ್ಲ, ಪಕ್ಕದ ಮಂಚದವನ ನಿದ್ದೆಯ ಮಾತೂ ಹೌದು.

ಇನ್ನೊಂದು ಆಜ್ಞೆಯ ಬಗ್ಗೆ ಎಚ್ಚರ ಹೇಳಲೇಬೇಕು. 'ಎಕ್ಸ್‌ರಾಂಡರ್' ಎಂಬುದರಿಂದಲೂ ತೆರೆ ಮಬ್ಬಾಗುತ್ತದೆ. ಆದರೆ ಅದು ದೀಪವನ್ನು ಮುಟ್ಟುವುದೇ ಇಲ್ಲ, ಚಿತ್ರದ ಬಣ್ಣವನ್ನಷ್ಟೇ ಕಪ್ಪಗೆ ಮಾಡುತ್ತದೆ. ಲಾಟೀನಿನ ಬತ್ತಿ ಇಳಿಸುವುದಕ್ಕೂ ಗಾಜಿಗೆ ಮಸಿ ಬಳಿಯುವುದಕ್ಕೂ ಇರುವ ವ್ಯತ್ಯಾಸ ಇದು. ಎಣ್ಣೆ ಉಳಿಯುವುದಿಲ್ಲ.

ಉಳಿಯಿತೇ ಇಲ್ಲವೇ ಎಂದು ಅಳೆದೇ ನೋಡಬಹುದು. 'ಸಿಸ್', 'ಕ್ಲಾಸ್' ಆದ ಮೇಲೆ 'ಪವರ್ ಸಪ್ಲೈ' ಎಂಬ ಫೋಲ್ಡರು, ಅದರಲ್ಲಿ ಬ್ಯಾಟರಿಯ ಹೆಸರು, ಅನೇಕ ಯಂತ್ರಗಳಲ್ಲಿ ಅದರೊಳಗೆ 'ಪವರ್ ನೌ' ಎಂಬ ಫೈಲು. ಚಾರ್ಜರ್ ಕಳಚಿ ಓದಿದರೆ ಯಂತ್ರ ಎಳೆಯುತ್ತಿರುವ ಶಕ್ತಿ ಮೈಕ್ರೋವಾಟ್‌ನಲ್ಲಿ ಸಿಗುತ್ತದೆ. 8500000 ಎಂದಿದ್ದರೆ 8.5 ವಾಟ್. ಪ್ರಕಾಶವನ್ನು ಹತ್ತು ಹತ್ತು ಇಳಿಸುತ್ತ, ಪ್ರತಿಸಲ ಒಂದೆರಡು ನಿಮಿಷ ಕಾದು ಅಂಕಿ ಬರೆದುಕೊಂಡರೆ ಗ್ರಾಫ್ ಹಾಳೆಯಲ್ಲಿ ಒಂದು ಗೆರೆ ಮೂಡುತ್ತದೆ. ಪಿಯುಸಿ ಭೌತಶಾಸ್ತ್ರದ ವಿದ್ಯಾರ್ಥಿಗೆ ಇದಕ್ಕಿಂತ ಅಗ್ಗದ ಪ್ರಯೋಗ ಸಿಗಲಾರದು.

ಗುಂಡಿಯೇ ಬೇಕು ಎನ್ನುವವರು ಯಂತ್ರ ಹೊತ್ತಿಕೊಳ್ಳುವಾಗ ಬರುವ 'ಗ್ರಬ್' ಪಟ್ಟಿಯಲ್ಲಿ 'ಇ' ಒತ್ತಿ, ಲಿನಕ್ಸ್ ಎಂದು ಆರಂಭವಾಗುವ ಸಾಲಿನ ಕೊನೆಗೆ 'ಎಸಿಪಿಐ ಬ್ಯಾಕ್‌ಲೈಟ್' ಎಂದು ಕೆಳಗೆರೆಯೊಡನೆ ಬರೆದು, ಸಮಚಿಹ್ನೆ ಹಾಕಿ 'ನೇಟಿವ್' ಅಥವಾ 'ವೆಂಡರ್' ಎಂದು ಸೇರಿಸಿ ನೋಡಬಹುದು. ಇದು ಆ ಒಂದು ಸಲಕ್ಕೆ ಮಾತ್ರ ಅನ್ವಯ. ಸರಿಹೋಗದಿದ್ದರೆ ಮುಂದಿನ ಸಲ ಎಲ್ಲ ಮೊದಲಿನಂತೆ. ಸರಿಹೋದರೆ ಮಾತ್ರ ಗ್ರಬ್‌ನ ಸೆಟ್ಟಿಂಗ್ ಫೈಲಿನಲ್ಲಿ ಕಾಯಂ ಮಾಡಿಕೊಳ್ಳುವುದು.

ಉಳಿದದ್ದು ಕೀಲಿಮಣೆಯ ದೀಪ. ಅದು 'ಬ್ಯಾಕ್‌ಲೈಟ್' ಫೋಲ್ಡರಿನಲ್ಲಿಲ್ಲ, ಪಕ್ಕದ 'ಲೆಡ್ಸ್' ಎಂಬುದರಲ್ಲಿ, 'ಕೆಬಿಡಿ ಬ್ಯಾಕ್‌ಲೈಟ್' ಎಂದು ಕೊನೆಗೊಳ್ಳುವ ಹೆಸರಿನಲ್ಲಿದೆ. ಇಲ್ಲಿ ಮೆಟ್ಟಿಲು ಕಡಿಮೆ. ಥಿಂಕ್‌ಪ್ಯಾಡ್‌ಗಳಲ್ಲಿ ಸಾಮಾನ್ಯವಾಗಿ 0, 1, 2 ಅಷ್ಟೆ. ಬ್ರೈಟ್‌ನೆಸ್‌ಸಿಟಿಎಲ್‌ಗೆ 'ಡಿವೈಸ್' ಎಂದು ಈ ಹೆಸರನ್ನೂ ಕೊಟ್ಟು 'ಸೆಟ್ 1' ಎಂದರೆ ಕತ್ತಲಲ್ಲಿ ಅಕ್ಷರ ಕಾಣುವಷ್ಟು ಬೆಳಕು ಬರುತ್ತದೆ. ತೆರೆಯ ಬೆಳಕಿನಲ್ಲಿ ಕೀಲಿ ಹುಡುಕಲೆಂದು ತೆರೆಯನ್ನು ಏರಿಸುವುದಕ್ಕಿಂತ ಇದು ಎಷ್ಟೋ ಮಿತವ್ಯಯ. 'ಲೆಡ್ಸ್'ನಲ್ಲಿ ಆ ಹೆಸರೇ ಕಾಣದಿದ್ದರೆ ಆ ಕೀಲಿಮಣೆಗೆ ದೀಪವನ್ನೇ ಹಾಕಿಲ್ಲದಿರಬಹುದು. ಹಾಗಿದ್ದರೆ ಯಾವ ಆಜ್ಞೆಯಿಂದಲೂ ಬೆಳಗುವಂಥದ್ದಲ್ಲ. ಸೆಕೆಂಡ್ ಹ್ಯಾಂಡ್ ಯಂತ್ರ ಕೊಳ್ಳುವ ತಂದೆತಾಯಿಗಳು ಅಂಗಡಿಯವರಲ್ಲಿ ಒಂದು ನಿಮಿಷ ಲೈಟ್ ಆರಿಸಲು ಹೇಳಿ ಇದನ್ನು ನೋಡಿಯೇ ದುಡ್ಡು ಕೊಡಬಹುದು.