ಕೊನೆಯ ಮನೆಯ ನಳ

ಧಾರವಾಡದ ಸಪ್ತಾಪುರದ ಚಹಾದಂಗಡಿಯಲ್ಲಿ ಹೋದ ವಾರ ಜೋರು ವಾದ. ನೇಮಕಾತಿ ಅಧಿಸೂಚನೆಗೆ ಕಾದು ಬೇಸತ್ತಿದ್ದ ಗೆಳೆಯನ ಅಣ್ಣ, ‘ಈ ಸರ್ಕಾರನ ಬ್ಯಾಡಪಾ, ಮಂದಿ ತಮ್ಮ ಪಾಡಿಗೆ ತಾವು ಚಲೋ ಇರ್ತಾರ’ ಎಂದ. ಸರ್ಕಾರಿ ನೌಕರಿಗೆ ಓದುವವನ ಬಾಯಲ್ಲಿ ಈ ಮಾತು ಕೇಳಿ ಎಲ್ಲರೂ ನಕ್ಕೆವು. ನನಗೆ ಮಾತ್ರ ಹುಬ್ಬಳ್ಳಿಯ ನಮ್ಮ ಓಣಿ ನೆನಪಾಯಿತು.

ಅವಳಿನಗರದ ಪಾಲಿಕೆ ಸದಸ್ಯರ ಅವಧಿ 2019ರಲ್ಲಿ ಮುಗಿದಿತ್ತು. ಚುನಾವಣೆ ನಡೆದದ್ದು 2021ರ ಸೆಪ್ಟೆಂಬರ್‌ನಲ್ಲಿ. ಮೇಯರ್ ಬಂದದ್ದು 2022ರ ಮೇನಲ್ಲಿ. ಅಧಿಕಾರಿಗಳಿದ್ದರು, ಆದರೆ ನಮ್ಮ ಮನೆ ಬಾಗಿಲಿಗೆ ಬಂದು ಕೇಳುವ ಕಾರ್ಪೊರೇಟರ್ ಇರಲಿಲ್ಲ. ನಳದ ನೀರೋ, ವಾರಕ್ಕೊಮ್ಮೆ. ಕೊನೆಗೆ ಓಣಿಯವರೇ ಕೂಡಿ ಒಂದು ನಿಯಮ ಮಾಡಿದರು: ಕೊನೆಯ ಮನೆಯ ಕೊಡ ತುಂಬುವವರೆಗೆ ಯಾರೂ ಮೋಟರ್ ಹಚ್ಚಬಾರದು. ಪಿಯುಸಿ ಓದುತ್ತಿದ್ದ ನನಗೆ ಮೇಲ್ವಿಚಾರಣೆ. ಎರಡು ತಿಂಗಳು ಎಲ್ಲವೂ ಸರಿಯಾಗಿತ್ತು.

ಆಮೇಲೆ ಒಬ್ಬರು ಮೋಟರ್ ಹಚ್ಚಿದರು. ಅವರು ನಮ್ಮ ಮನೆ ಮಾಲೀಕರು.

ಕೊನೆಯ ಮನೆಯಲ್ಲಿ ಒಬ್ಬಂಟಿ ಅಜ್ಜಿ. ‘ತಮ್ಮಾ, ಇವತ್ತೂ ನೀರು ಬರಲಿಲ್ಲಲ್ಲೋ’ ಎಂದರು. ಕಾರಣ ನನಗೆ ಗೊತ್ತಿತ್ತು. ಮಾಲೀಕರು ಮನೆ ಬಿಡಿಸಿದರೆ ಎಂಬ ಹೆದರಿಕೆಗೆ ‘ನೋಡ್ತೀನ್ರೀ ಅಮ್ಮಾ’ ಎಂದಷ್ಟೇ ಹೇಳಿದೆ. ಮುಂದಿನ ವಾರ ಮತ್ತೆ ಮೂರು ಮನೆಯಲ್ಲಿ ಮೋಟರ್ ಗುಂಯ್‌ಗುಟ್ಟಿತು. ನಿಯಮ ಅಲ್ಲಿಗೆ ಸತ್ತಿತು.

ಜನ ಕೂಡಿದರೆ ದೊಡ್ಡ ಕೆಲಸ ಆಗುತ್ತದೆ, ನಿಜ. ನಮ್ಮ ಪಕ್ಕದ ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲೇ ರೈತರು ಸಹಕಾರ ಸಂಘ ಕಟ್ಟಿದರು. ಆದರೆ ಅದಕ್ಕೂ ಆಧಾರವಾಗಿದ್ದು 1904ರ ಸಹಕಾರ ಸಂಘಗಳ ಕಾಯ್ದೆ. ಶಿಕಾರಿಪುರ ತಾಲ್ಲೂಕಿನ ಈಸೂರಿನವರು 1942ರಲ್ಲಿ ಆಳುವವರನ್ನೇ ಧಿಕ್ಕರಿಸಿ ಸ್ವತಂತ್ರರೆಂದು ಘೋಷಿಸಿಕೊಂಡರು. ಅವರೂ ಬರಿಗೈಯಲ್ಲಿ ಕೂರಲಿಲ್ಲ. ತಮ್ಮೂರಿನ ಹುಡುಗರನ್ನೇ ಅಮಲ್ದಾರ, ಸಬ್ ಇನ್‌ಸ್ಪೆಕ್ಟರ್ ಮಾಡಿ ತಮ್ಮದೇ ಸರ್ಕಾರ ಕಟ್ಟಿದರು. ಮರುವರ್ಷ ಅವರಲ್ಲಿ ಐವರು ಗಲ್ಲಿಗೇರಿದರು. ಅವರಿಗೆ ಬೇಡವಾಗಿದ್ದು ಪರರ ಸರ್ಕಾರ, ಸರ್ಕಾರವೇ ಅಲ್ಲ.

ಒಳ್ಳೆಯವರ ನಡುವೆ ಮಾತು ಸಾಕು. ಬಲವಿದ್ದವರು ಮಾತು ಮುರಿದಾಗ, ಬಾಡಿಗೆ ಮನೆಯ ಹುಡುಗನಿಗಿಂತ ಗಟ್ಟಿಯಾಗಿ ಕೇಳುವವರು ಯಾರಾದರೂ ಇರಬೇಕು. ಸರ್ಕಾರ ಬೇಕಿರುವುದು ಅದಕ್ಕೆ. ಅದು ಕೇಳದಿದ್ದರೆ ಅದನ್ನೂ ಕೇಳುವವರು ನಾವಾಗಬೇಕು. ಮತ ಇರುವುದು ಅದಕ್ಕೆ.

ಅಣ್ಣನಿಗೆ ಇಷ್ಟೇ ಹೇಳಿದೆ: ‘ನಿನಗ ನೌಕರಿ ಸಿಕ್ಕ ಮ್ಯಾಲೆ ಮೊದಲು ಓಣಿಯ ಕೊನೇ ಮನೀ ನಳ ನೋಡಪಾ.’ ಅವನು ನಗಲಿಲ್ಲ. ಚಹಾದ ದುಡ್ಡು ಅವನೇ ಕೊಟ್ಟ.