ಹೊಳೆಯ ದಂಡೆಯಲ್ಲೊಂದು ಡೇರೆ

ಗೋಡೆಯಿಲ್ಲ, ಮಂಚವಿಲ್ಲ, ಕರೆಂಟಿಲ್ಲ. ನೀರು ಬೇಕೆಂದರೆ ಹುಲ್ಲುಗಾವಲಿನ ಮೂಲೆಯಲ್ಲಿರುವ ಒಂದೇ ನಲ್ಲಿಯತ್ತ ಕ್ಯಾನು ಹಿಡಿದು ನಡೆಯಬೇಕು. ಶೌಚಾಲಯವೆಂದರೆ ಹಲಗೆ ಹೊಡೆದು ನಿಲ್ಲಿಸಿದ ಪುಟ್ಟ ಗೂಡು. ಅಲ್ಲಿ ನೀರಿನ ಬದಲು ಒಂದು ಬೊಗಸೆ ಮರದ ಪುಡಿ ಸುರಿದು ಬರಬೇಕು. ಇಷ್ಟೆಲ್ಲ 'ಇಲ್ಲ'ಗಳಿಗಾಗಿ ಇಂಗ್ಲೆಂಡಿನ ಜನ ದುಡ್ಡು ಕೊಟ್ಟು, ಮೊದಲೇ ಜಾಗ ಕಾದಿರಿಸಿ, ಮಕ್ಕಳುಮರಿ ಸಮೇತ ಹೊರಡುತ್ತಾರೆ!

ಊರಿನ ಮನೆಯಲ್ಲಿ ಇವರಿಗೆ ಯಾವ ಕೊರತೆಯೂ ಇಲ್ಲ. ಗುಂಡಿ ಒತ್ತಿದರೆ ದೀಪ, ತಿರುಗಿಸಿದರೆ ಬಿಸಿನೀರು. ಆದರೂ ಬೇಸಿಗೆ ರಜೆ ಬಂತೆಂದರೆ ಕಾರಿನ ಡಿಕ್ಕಿಯಲ್ಲಿ ಡೇರೆ, ಗೂಟ, ಕೊಡತಿ ತುಂಬಿಕೊಂಡು ಹೊಳೆದಂಡೆಯ ಬಯಲಿಗೆ ಬರುತ್ತಾರೆ. ಅಲ್ಲಿ ಮಕ್ಕಳಿಗೆ ಸಿಗುವುದಾದರೂ ಏನು? ಉತ್ತರ ಬೇಕಾದರೆ ವೈ ನದಿಯ ದಂಡೆಗೆ ಹೋಗಬೇಕು.

ದೋಣಿಯ ಹೊಳೆ

ವೈ ಹುಟ್ಟುವುದು ವೇಲ್ಸ್ ನಾಡಿನ ಪ್ಲಿನ್‌ಲಿಮನ್ ಬೆಟ್ಟದಲ್ಲಿ. ಗಡಿಯೂರಾದ ಹೇ ದಾಟಿ, ಇಂಗ್ಲೆಂಡಿನ ಹೆರೆಫರ್ಡ್, ರಾಸ್, ಸೈಮಂಡ್ಸ್ ಯಾಟ್‌ಗಳನ್ನು ಬಳಸಿಕೊಂಡು ಸುಮಾರು 250 ಕಿ.ಮೀ. ಹರಿದು ಸೆವರ್ನ್ ನದಿಯನ್ನು ಸೇರುತ್ತದೆ. ಅವಸರವಿಲ್ಲದ ಹೊಳೆ ಇದು. ಸೈಮಂಡ್ಸ್ ಯಾಟ್ ಬಂಡೆಯ ಬುಡದಲ್ಲಂತೂ ಹಾವಿನಂತೆ ಸುತ್ತಿ, ಮತ್ತೆ ತಾನು ಹೊರಟ ಕಡೆಗೇ ತಿರುಗಿದಂತೆ ಕಾಣುತ್ತದೆ. ವಿಲಿಯಂ ಗಿಲ್ಪಿನ್ ಎಂಬ ಪಾದ್ರಿ 1782ರಲ್ಲಿ ಈ ಕಣಿವೆಯ ಬಗ್ಗೆ ಪುಸ್ತಕ ಬರೆದ ಮೇಲೆ, ಚೆಲುವನ್ನು ನೋಡುವುದಕ್ಕೆಂದೇ ದೋಣಿ ಏರಿ ಬರುವವರ ಸಂಖ್ಯೆ ಬೆಳೆಯಿತು. ಹೇ ಊರಿನಿಂದ ಕೆಳಗೆ ದೋಣಿ ನಡೆಸುವ ಹಕ್ಕು ಇಂದಿಗೂ ಸಾರ್ವಜನಿಕರಿಗೆ ಇದೆ. ಹೀಗಾಗಿ ದಂಡೆಯ ಹುಲ್ಲುಗಾವಲುಗಳಲ್ಲಿ ಬೇಸಿಗೆಯುದ್ದಕ್ಕೂ ಡೇರೆಗಳು ಅಣಬೆಗಳಂತೆ ಏಳುತ್ತವೆ.

ಹಾಗೆಂದು ಕಂಡಕಂಡಲ್ಲಿ ಗೂಟ ಹೊಡೆಯುವಂತಿಲ್ಲ. ಇಂಗ್ಲೆಂಡಿನಲ್ಲಿ ಹೊಲದ ಒಡೆಯನ ಒಪ್ಪಿಗೆಯಿಲ್ಲದೆ ಡೇರೆ ಹಾಕುವುದಕ್ಕೆ ಸಾಮಾನ್ಯವಾಗಿ ಹಕ್ಕಿಲ್ಲ. ಇದಕ್ಕೆ ಹೆಸರಾಂತ ಅಪವಾದ ಡಾರ್ಟ್‌ಮೂರ್ ಎಂಬ ಬಯಲುನಾಡು. ಅಲ್ಲಿಯ ಹಕ್ಕನ್ನೂ ಜಮೀನುದಾರರು ಪ್ರಶ್ನಿಸಿದಾಗ ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2025ರ ಮೇ ತಿಂಗಳಲ್ಲಿ ತೀರ್ಪು ಜನರ ಪರವಾಗಿ ಬಂತು. ಉಳಿದೆಡೆ ರೈತನೇ ಆತಿಥೇಯ. 2023ರ ನಿಯಮದಂತೆ ರೈತನೊಬ್ಬ ವರ್ಷಕ್ಕೆ 60 ದಿನ, 50 ಬಿಡಾರಗಳವರೆಗೆ, ಪ್ರತ್ಯೇಕ ಯೋಜನಾ ಅನುಮತಿಯಿಲ್ಲದೆ ತನ್ನ ಹೊಲದಲ್ಲಿ ಜಾಗ ಕೊಡಬಹುದು. ಶೌಚ ಮತ್ತು ಕಸದ ವ್ಯವಸ್ಥೆ ಮಾಡಿ ಸ್ಥಳೀಯ ಆಡಳಿತಕ್ಕೆ ತಿಳಿಸಿದರಾಯಿತು. ಹುಲ್ಲು ಕೊಯ್ದ ಗದ್ದೆಯೊಂದು ಬೇಸಿಗೆಯ ಎರಡು ತಿಂಗಳು 'ಊರು' ಆಗುವುದು ಹೀಗೆ.

ದರ್ಜಿಯ ಕನಸು

ಇಂಗ್ಲೆಂಡಿನಲ್ಲಿ ಡೇರೆವಾಸವನ್ನು ಜನಸಾಮಾನ್ಯರ ಹವ್ಯಾಸವಾಗಿಸಿದವರಲ್ಲಿ ಮೊದಲು ನೆನೆಯಬೇಕಾದವನು ಒಬ್ಬ ದರ್ಜಿ. ಥಾಮಸ್ ಹೈರಾಮ್ ಹೋಲ್ಡಿಂಗ್ ಅವನ ಹೆಸರು. ಬಾಲಕನಾಗಿದ್ದಾಗ, 1853ರಲ್ಲಿ, ತಂದೆತಾಯಿಯೊಂದಿಗೆ ಅಮೆರಿಕದ ಹುಲ್ಲುಬಯಲನ್ನು ಬಂಡಿಯಲ್ಲಿ ದಾಟುತ್ತ ಡೇರೆಯಲ್ಲಿ ಮಲಗಿದ್ದ ನೆನಪು ಅವನನ್ನು ಬಿಡಲಿಲ್ಲ. ಸೈಕಲ್ಲಿನ ಹಿಂದೆ ಕಟ್ಟಿಕೊಂಡು ಹೋಗಬಲ್ಲ ಹಗುರ ಡೇರೆಗಳನ್ನು ತಾನೇ ಹೊಲಿದ. 1901ರಲ್ಲಿ ಸೈಕಲ್ ಸವಾರರ ಡೇರೆ ಸಂಘ ಕಟ್ಟಿದ. 1908ರಲ್ಲಿ ಅದಕ್ಕೊಂದು ಕೈಪಿಡಿಯನ್ನೂ ಬರೆದ. ಆ ಸಣ್ಣ ಸಂಘವೇ ಇಂದಿನ ದೊಡ್ಡ ಕ್ಯಾಂಪಿಂಗ್ ಕ್ಲಬ್ಬಿನ ಬೇರು.

ಅದೇ ಕಾಲದಲ್ಲಿ, 1907ರ ಆಗಸ್ಟ್‌ನಲ್ಲಿ, ಬೇಡನ್ ಪೊವೆಲ್ ಸುಮಾರು 20 ಹುಡುಗರನ್ನು ಬ್ರೌನ್‌ಸೀ ದ್ವೀಪಕ್ಕೆ ಕರೆದೊಯ್ದರು. ಸಿರಿವಂತರ ಶಾಲೆಯ ಮಕ್ಕಳು, ದುಡಿಯುವವರ ಮಕ್ಕಳು ಇಬ್ಬರೂ ಆ ಗುಂಪಿನಲ್ಲಿದ್ದರು. ಡೇರೆಯ ಬಟ್ಟೆಯಡಿ ಯಾರ ಅಪ್ಪ ಯಾರೆಂಬುದಕ್ಕೆ ಬೆಲೆಯಿರಲಿಲ್ಲ. ಬೆಂಕಿ ಹೊತ್ತಿಸಲು ಬರುತ್ತದೆಯೇ ಎಂಬುದಕ್ಕಿತ್ತು! ಆ ಶಿಬಿರದಿಂದಲೇ ಸ್ಕೌಟ್ ಚಳವಳಿ ಬೆಳೆಯಿತು. ಎರಡೇ ವರ್ಷಗಳಲ್ಲಿ, 1909ರಲ್ಲಿ, ಅದು ನಮ್ಮ ಬೆಂಗಳೂರಿಗೂ ಬಂತು.

ಮೊದಲ ಸಂಜೆಯ ಪಾಠ

ಇಂದಿಗೂ ಬಯಲಿನಲ್ಲಿ ಕಾರು ನಿಂತ ಕೂಡಲೇ ಪಾಠ ಆರಂಭ. ಡೇರೆ ಎಲ್ಲಿ ಹಾಕಬೇಕು? ನೀರಿಗೆ ತೀರಾ ಹತ್ತಿರ ಕೂಡದು. ಇಲ್ಲಿ ಆಕಾಶ ನಿರ್ಮಲವಾಗಿದ್ದರೂ ಮೇಲೆ ವೇಲ್ಸ್ ಬೆಟ್ಟಗಳಲ್ಲಿ ಮಳೆ ಸುರಿದರೆ ಹೊಳೆ ತಡವಾಗಿ ಏರುತ್ತದೆ. ತಗ್ಗು ಬೇಡ, ಒಂಟಿ ಮರದ ಅಡಿಯೂ ಬೇಡ. ಬಾಗಿಲು ಗಾಳಿಗೆ ಬೆನ್ನು ಮಾಡಿರಬೇಕು. ಭೂಗೋಳದ ಪುಸ್ತಕದಲ್ಲಿ ಜಲಾನಯನವೆಂಬ ಪದವನ್ನು ಬಾಯಿಪಾಠ ಮಾಡಿದ ಹುಡುಗಿಗೆ ಅದರ ಅರ್ಥ ಇಲ್ಲಿ ಐದೇ ನಿಮಿಷದಲ್ಲಿ ತಿಳಿಯುತ್ತದೆ.

ಒಬ್ಬರು ಕಂಬ ಹಿಡಿಯಬೇಕು, ಇನ್ನೊಬ್ಬರು ಹಗ್ಗ ಎಳೆಯಬೇಕು, ಮತ್ತೊಬ್ಬರು ಗೂಟ ಹೊಡೆಯಬೇಕು. ಎಂಟು ವರ್ಷದ ತಮ್ಮನೂ ಬೇಕಾದವನಾಗುತ್ತಾನೆ. ಜೂನ್ ತಿಂಗಳಲ್ಲಿ ಸೂರ್ಯ ಮುಳುಗುವುದೇ ರಾತ್ರಿ ಒಂಬತ್ತೂವರೆಗೆ; ಅಷ್ಟು ಹೊತ್ತೂ ಬೆಳಕು. ಆದರೆ ಬೇಸಿಗೆಯೆಂದು ಮೈಮರೆಯುವಂತಿಲ್ಲ. ಕತ್ತಲಾದ ಮೇಲೆ ಮೈಯ ಬಿಸಿಯನ್ನು ತಣ್ಣನೆಯ ನೆಲ ಹೀರುತ್ತದೆ. ಮೇಲೆ ಎರಡು ಕಂಬಳಿ ಹೊದೆಯುವುದಕ್ಕಿಂತ ಕೆಳಗೊಂದು ದಪ್ಪ ಚಾಪೆ ಹಾಸುವುದು ಜಾಣತನ.

ಬೆಳಿಗ್ಗೆ ಐದಕ್ಕೆ ಮೊದಲೇ ಹಕ್ಕಿಗಳು ಎಬ್ಬಿಸುತ್ತವೆ. ನೀರಿನ ಮೇಲೆ ನೀಲಿ ಗೆರೆ ಎಳೆದಂತೆ ಮಿಂಚುಳ್ಳಿ ಹಾರಿಹೋಗುತ್ತದೆ. ಅದೃಷ್ಟವಿದ್ದರೆ ನೀರುನಾಯಿಯ ತಲೆಯೂ ಕಂಡೀತು.

ಬೆಂಕಿಯ ಜೊತೆ, ನೀರಿನ ಜೊತೆ

ಹೆತ್ತವರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜ: ಅಪಾಯವಿಲ್ಲವೇ? ಇದೆ. ಅದನ್ನು ತಿಳಿದು ನಡೆಯುವುದೇ ಇಲ್ಲಿಯ ವಿದ್ಯೆ.

ಬೆಂಕಿಯನ್ನು ಹುಲ್ಲಿನ ಮೇಲೆ ಹಾಕದೆ, ಕಾಲುಳ್ಳ ಕಬ್ಬಿಣದ ಬುಟ್ಟಿಯಲ್ಲಿ ಹೊತ್ತಿಸಬೇಕು. ಸೌದೆಯನ್ನು ರೈತನಿಂದ ಕೊಳ್ಳುವುದು ವಾಡಿಕೆ. ಬಿದ್ದ ಮರದ ತುಂಡುಗಳು ಹುಳುಹುಪ್ಪಟೆಗಳ ಮನೆಯಾದ್ದರಿಂದ ಅವನ್ನು ಎತ್ತುವುದಿಲ್ಲ. ಎಲ್ಲಕ್ಕಿಂತ ದೊಡ್ಡ ಎಚ್ಚರಿಕೆಯೆಂದರೆ, ಎಷ್ಟೇ ಚಳಿಯಾಗಲಿ, ಎಷ್ಟೇ ಮಳೆ ಬರಲಿ, ಕೆಂಡದ ಒಲೆಯನ್ನು ಡೇರೆಯೊಳಗೆ ತರಕೂಡದು. ಉರಿ ಆರಿದಂತೆ ಕಂಡರೂ ಕೆಂಡದಿಂದ ಗಂಟೆಗಟ್ಟಲೆ ಕಾರ್ಬನ್ ಮಾನಾಕ್ಸೈಡ್ ಹೊರಡುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಮಲಗಿದವರು ಏಳದೇ ಹೋದ ಪ್ರಕರಣಗಳು ಆ ದೇಶದಲ್ಲಿ ನಡೆದಿವೆ.

ನೀರಿನದೂ ಹಾಗೆಯೇ. ದಂಡೆಯಲ್ಲಿ ಬಿಸಿಲಿದ್ದರೂ ಹೊಳೆ ತಣ್ಣಗಿರುತ್ತದೆ. ಒಮ್ಮೆಲೇ ಧುಮುಕಿದರೆ ಉಸಿರು ಕಟ್ಟಿ, ಏದುಸಿರು ಬಂದು, ಈಜು ಬಲ್ಲವರೂ ನೀರು ಕುಡಿಯುತ್ತಾರೆ. ಹಾಗಾದಾಗ ಕೈಕಾಲು ಬಡಿಯದೆ, ಮುಖ ಮೇಲೆ ಮಾಡಿ ಅಂಗಾತ ತೇಲುತ್ತ ಉಸಿರು ಹದಕ್ಕೆ ಬರುವವರೆಗೆ ಕಾಯಬೇಕೆಂದು ಅಲ್ಲಿಯ ಮಕ್ಕಳಿಗೆ ಕಲಿಸುತ್ತಾರೆ. ಗಾಯವಿದ್ದರೆ ಪಟ್ಟಿ ಕಟ್ಟಿ ನೀರಿಗಿಳಿಯಬೇಕು. ಮಲೆನಾಡು, ಕರಾವಳಿಗಳಲ್ಲಿ ನಮ್ಮನ್ನು ಕಾಡುವ ಇಲಿಜ್ವರ ಅಲ್ಲಿಯ ಹೊಳೆಗಳಲ್ಲೂ ಇದೆ.

ಹೊಳೆಗೂ ಕಾಯಿಲೆ

ಆದರೆ ಈಗ ದಂಡೆಯಲ್ಲಿ ಕೂತ ಮಕ್ಕಳು ಕೇಳುವ ಪ್ರಶ್ನೆಯೇ ಬೇರೆ. "ನೀರೇಕೆ ಹಸಿರಾಗಿದೆ?"

ವೈ ಕಣಿವೆಯಲ್ಲಿ ಸಾಕಿರುವ ಕೋಳಿಗಳ ಸಂಖ್ಯೆ ಸುಮಾರು 2 ಕೋಟಿ ಎಂಬ ಅಂದಾಜಿದೆ. ಅವುಗಳ ಹಿಕ್ಕೆ ಹೊಲಗಳಿಗೆ ಗೊಬ್ಬರವಾಗುತ್ತದೆ. ಬೆಳೆಗೆ ಬೇಕಾದುದಕ್ಕಿಂತ ಹೆಚ್ಚಾದ ರಂಜಕ ಮಣ್ಣಿನಲ್ಲಿ ಉಳಿದು, ಮಳೆಯಲ್ಲಿ ತೊಳೆದು ಹೊಳೆ ಸೇರುತ್ತದೆ. ಊರುಗಳ ಚರಂಡಿ ನೀರೂ ಅದಕ್ಕೆ ಕೂಡುತ್ತದೆ. ಬಿಸಿಲು ಜೋರಾದಾಗ ಪಾಚಿ ಹಬ್ಬಿ ನೀರು ಬಟಾಣಿ ಸಾರಿನಂತಾಗುತ್ತದೆ. ತಳಕ್ಕೆ ಬೆಳಕು ತಲುಪುವುದಿಲ್ಲ. ಬೇಸಿಗೆಯಲ್ಲಿ ಹೊಳೆಯ ಮೇಲೆ ಬಿಳಿ ಹೂವಿನ ಹಾಸು ಹಾಸುತ್ತಿದ್ದ ನೀರುಗಿಡಗಳು ಕ್ಷೀಣಿಸಿವೆ. ಸಾಲ್ಮನ್ ಮೀನು ಅಪರೂಪವಾಗುತ್ತಿದೆ. 2023ರಲ್ಲಿ ಸರ್ಕಾರದ ನಿಸರ್ಗ ಸಲಹಾ ಸಂಸ್ಥೆಯೇ ಈ ನದಿಯ ಸ್ಥಿತಿ 'ಪ್ರತಿಕೂಲ, ಇನ್ನೂ ಇಳಿಮುಖ' ಎಂದು ದಾಖಲಿಸಿತು.

ಹಾಗಾದರೆ ಕತೆ ಮುಗಿಯಿತೇ? ನೀರುನಾಯಿಯನ್ನು ನೋಡಿ. 1950 ಮತ್ತು 60ರ ದಶಕಗಳಲ್ಲಿ ಹೊಲಕ್ಕೆ ಸುರಿದ ಕೀಟನಾಶಕಗಳಿಂದ ಇಂಗ್ಲೆಂಡಿನ ಬಹುಪಾಲು ಹೊಳೆಗಳಲ್ಲಿ ಅದರ ಸುಳಿವೇ ಇಲ್ಲದಾಗಿತ್ತು. ಆ ವಿಷಗಳನ್ನು ನಿಲ್ಲಿಸಿ, ಬೇಟೆಯನ್ನು ನಿಷೇಧಿಸಿದ ಮೇಲೆ ಅದು ಮೆಲ್ಲಗೆ ಮರಳಿತು. 2011ರ ಹೊತ್ತಿಗೆ ಇಂಗ್ಲೆಂಡಿನ ಪ್ರತಿಯೊಂದು ಕೌಂಟಿಯಲ್ಲೂ ಅದು ಮತ್ತೆ ಕಂಡುಬಂತು. ಕೆಡಿಸಿದ್ದನ್ನು ಸರಿಪಡಿಸಲೂ ಮನುಷ್ಯನಿಗೆ ಬರುತ್ತದೆ. ಇಂದು ವೈ ದಂಡೆಯ ನಿವಾಸಿಗಳು ಸ್ವಯಂಸೇವಕರಾಗಿ ನೀರಿನ ಮಾದರಿ ತೆಗೆದು, ರಂಜಕ ಅಳೆದು, ಲೆಕ್ಕ ಬರೆದಿಡುತ್ತಿದ್ದಾರೆ. ಶಾಲೆಯ ಪ್ರಯೋಗಾಲಯದಲ್ಲಿ ಕಲಿತದ್ದು ಹೀಗೆ ಊರಿನ ಕೆಲಸಕ್ಕೆ ಬರುತ್ತದೆ.

ಡೇರೆಯಲ್ಲಿ ಮೂರು ರಾತ್ರಿ ಕಳೆದ ಮಗುವಿಗೆ ಹೊಳೆ ಚಿತ್ರಪಟವಾಗಿ ಉಳಿಯುವುದಿಲ್ಲ. ಪಾತ್ರೆಯ ಸಾಬೂನು ನೀರನ್ನು ಹೊಳೆಗೆ ಚೆಲ್ಲಬೇಡ ಎಂದು ಅಮ್ಮ ಹೇಳಿದ್ದೇಕೆಂದು ಅದಕ್ಕೆ ಅರ್ಥವಾಗಿರುತ್ತದೆ. ಸ್ವಂತ ತೋಳಿನಿಂದ ಹೊತ್ತು ತಂದ ನೀರಿನ ತೂಕ ಗೊತ್ತಿರುತ್ತದೆ. ಹೊರಡುವ ದಿನ ಗೂಟಗಳನ್ನು ಎಣಿಸಿ ಕಿತ್ತು, ಕಸವನ್ನೆಲ್ಲ ಕಟ್ಟಿಕೊಂಡು, ತೆರೆದಿದ್ದ ಗೇಟನ್ನು ತೆರೆದಂತೆ, ಮುಚ್ಚಿದ್ದನ್ನು ಮುಚ್ಚಿದಂತೆ ಬಿಟ್ಟು ಬರಬೇಕು. 1951ರಿಂದ ಜಾರಿಯಲ್ಲಿರುವ ಹಳ್ಳಿಗಾಡಿನ ಸಂಹಿತೆ ಹೇಳುವುದು ಬಹುಮಟ್ಟಿಗೆ ಇಷ್ಟನ್ನೇ. ಡೇರೆಯಿದ್ದ ಜಾಗದಲ್ಲಿ ಹಳದಿಯಾದ ಒಂದು ಚೌಕ ಹುಲ್ಲು ಮಾತ್ರ ಉಳಿಯುತ್ತದೆ. ಎರಡು ಮಳೆ ಬಿದ್ದರೆ ಅದೂ ಹಸಿರಾಗುತ್ತದೆ.